ಮಾದರಿ ಹಸು

ಕಳೆದ ಆಗಸ್ಟ್‌ನ ಒಂದು ಶನಿವಾರ ನಡೆದದ್ದಿದು. ಶಾಲೆಯ ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಪುಟ್ಟಬಸಪ್ಪನವರು ಮೂರನೇ ತರಗತಿಯ ಗೋಡೆಗೆ ಅಂಟಿಸಿದ್ದ ಮಕ್ಕಳ ಚಿತ್ರಗಳನ್ನು ನೋಡಿ ಸಿಡುಕಿದರು.

"ಏನ್ರೀ ಟೀಚರ್ ಇದು? ಒಂದು ಹಸು ನೀಲಿ, ಇನ್ನೊಂದಕ್ಕೆ ರೆಕ್ಕೆ! ಎಲ್ಲರದೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಡ್ರಾಯಿಂಗ್ ಪೀರಿಯಡ್ ರದ್ದು. ಆ ಹೊತ್ತಲ್ಲಿ ಮಗ್ಗಿ ಹೇಳಿಸಿ."

ಮಕ್ಕಳು ವಾರವಿಡೀ ಕಾಯುತ್ತಿದ್ದದ್ದೇ ಆ ಪೀರಿಯಡ್ಡಿಗೆ. ನೀಲಾಂಬಿಕೆ ಟೀಚರು ಸೀಮೆಸುಣ್ಣ ಮುಂದೆ ಚಾಚಿದರು.

"ಆಗಲಿ ಸಾರ್. ಮಾದರಿ ತಾವೇ ಬರೆದುಕೊಡಿ."

ಸಾಹೇಬರು ಬೋರ್ಡಿನ ಮೇಲೆ ಹಸು ಬರೆದರು. ಬಾಲ ದಪ್ಪಗೆ ನೆಲದವರೆಗೂ ಇಳಿಯಿತು. ತುದಿಯ ಕುಚ್ಚು ಥೇಟ್ ಗೊರಸು.

ರುಕ್ಸಾನಾ ಎದ್ದು ನಿಂತಳು. "ಸಾರ್, ಐದನೇದೂ ಕಾಲಾ?"

"ತಲೆಹರಟೆ ಬೇಡ. ಬೋರ್ಡಲ್ಲಿರೋ ಹಾಗೇ ಬರಿ!"

ಎಲ್ಲರೂ ಹಾಗೇ ಬರೆದರು. ಟೀಚರು ಹಾಳೆಗಳನ್ನು ಜೋಡಿಸಿಕೊಂಡರು.

"ಸೋಮವಾರ ಉಪನಿರ್ದೇಶಕರು ಬರ್ತಾರಲ್ಲ ಸಾರ್, ಗೇಟಿನ ಹತ್ತಿರವೇ ತೂಗುಹಾಕ್ತೀನಿ. ಕೆಳಗೆ 'ಮಾದರಿ: ಪುಟ್ಟಬಸಪ್ಪನವರು' ಅಂತ ಬರೀಲಾ?"

ಸಾಹೇಬರು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ತಮ್ಮ ಕರವಸ್ತ್ರದಿಂದಲೇ ಬೋರ್ಡು ಒರೆಸಿದರು.

"ಚಿಕ್ಕ ಮಕ್ಕಳು... ತೋಚಿದ್ದು ಬರೀಲಿ ಬಿಡ್ರೀ. ಪೀರಿಯಡ್ ಇರಲಿ. ಇವನ್ನ ನಾನೇ ಒಯ್ತೀನಿ."

ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟರು. ಮೂವತ್ತೆರಡು ಹಸು, ನೂರ ಅರವತ್ತು ಕಾಲು.