ಕೆಳದನಿಯ ಗಿಟಾರ್

ನದಿಯ ದಂಡೆಯಲ್ಲಿ ಭಾಗೀರಥಮ್ಮನವರ ಆಶ್ರಮ. ಆಶ್ರಮವೆಂದರೆ ಎರಡು ಕೋಣೆ, ಒಂದು ಜಗಲಿ, ಜಗಲಿಯ ಮೇಲೆ ಬಿಚ್ಚಿಟ್ಟ ವೀಣೆಗಳು. ವಾದ್ಯ ಕಟ್ಟುವುದನ್ನು ಕಲಿಯಬೇಕೆಂದು ಬಂದವರಿಗೆ ಅವರು ಕಲಿಸುತ್ತಿದ್ದರು. ಬದುಕುವುದನ್ನು ಕಲಿಯಬೇಕೆಂದು ಬಂದವರಿಗೆ ಉಪ್ಪುಕಾಗದ ಕೊಟ್ಟು ಮರ ಉಜ್ಜಲು ಕೂರಿಸುತ್ತಿದ್ದರು.

ಪದ್ಮರಾಜ ಅವರ ಶಿಷ್ಯ. ಊರಿನಲ್ಲಿ ನಕ್ಷೆ ಬರೆಯುವ ಕೆಲಸ. ಬೇರೆಯವರ ಮನೆಗಳನ್ನು ಕಾಗದದ ಮೇಲೆ ಕಟ್ಟಿಕೊಡುತ್ತಿದ್ದ. ಭಾನುವಾರ ಬಂದು ಕಲಿಯುತ್ತಿದ್ದ. ತಂಬೂರಿಯ ತಂತಿಗಳ ಕೆಳಗೆ ಕುದುರೆ ಕೂರಿಸುವಷ್ಟು ಕೈ ಪಳಗಿತ್ತು.

ಒಂದು ಭಾನುವಾರ ಅವನು ದೊಡ್ಡ ಕಾಗದದ ಸುರುಳಿ ಹಿಡಿದು ಬಂದ.

"ಅಮ್ಮ, ನಾನೊಂದು ಗಿಟಾರ್ ಮಾಡಬೇಕು."

"ನಿನ್ನ ಹತ್ತಿರ ಒಂದು ಇದೆಯಲ್ಲ."

"ಇದು ಬೇರೆ. ಬ್ಯಾರಿಟೋನ್ ಗಿಟಾರ್ ಅನ್ನುತ್ತಾರೆ. ಕುತ್ತಿಗೆ ಉದ್ದ, ತಂತಿ ದಪ್ಪ. ಮಾಮೂಲಿ ಗಿಟಾರಿನ ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಇನ್ನೂ ಕೆಳಗಿಳಿಯುತ್ತದೆ."

"ಅಷ್ಟು ಕೆಳಗೆ ನಿನಗೇನು ಕೆಲಸ?"

ಪದ್ಮರಾಜ ಸುರುಳಿಯ ದಾರ ಬಿಚ್ಚಿದ.

"ಕುಸುಮ ಅಲ್ಲಿದ್ದಾಳೆ" ಎಂದ.

ಕುಸುಮ ಅವನ ಹೆಂಡತಿ. ಮದುವೆಯಾದಂದಿನಿಂದ ಸಂಜೆಯ ಹೊತ್ತು ಇವನು ಗಿಟಾರ್ ನುಡಿಸುವುದು, ಅವಳು ಹಾಡುವುದು. ಹೋದ ವರ್ಷ ಅವಳ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವ ಉಳಿಯಿತು. ದನಿ ಮಾತ್ರ ತಗ್ಗಿಹೋಯಿತು, ಒಡೆದೂ ಹೋಯಿತು.

"ಈಗ ಹಾಡುವುದೇ ಇಲ್ಲ ಅಮ್ಮ. ನಾನು ಗಿಟಾರ್ ಹಿಡಿದರೆ ಸಾಕು, ಎದ್ದು ಅಡುಗೆಮನೆಗೆ ಹೋಗಿ ಗ್ರೈಂಡರ್ ಹಾಕುತ್ತಾಳೆ. ನನ್ನ ಗಿಟಾರ್ ಅವಳಿಗೆ ತುಂಬ ಮೇಲಾಯಿತು. ಅವಳ ದನಿಯ ಕೆಳಗೆ ಹಾಸುವಂಥ ವಾದ್ಯವೊಂದು ಬೇಕು."

ಭಾಗೀರಥಮ್ಮ ನಕ್ಷೆಯನ್ನು ನೆಲದ ಮೇಲೆ ಬಿಡಿಸಿದರು. ಬಹಳ ಚೆನ್ನಾಗಿತ್ತು.

"ಬೆನ್ನಿಗೆ ಯಾವ ಮರ?"

"ಬೀಟೆ."

"ಮುಖಕ್ಕೆ?"

"ದೇವದಾರು. ಎಳೆ ನೇರವಾಗಿರುವುದನ್ನೇ ಆರಿಸಿದ್ದೇನೆ."

"ಒಳಗಿನ ಪಟ್ಟಿಗಳು?"

"ಅಂಚಿಗೆ ಹೋಗುತ್ತಾ ತೆಳುವಾಗುತ್ತವೆ. ಇಲ್ಲಿ ನೋಡಿ, ಬಿಡಿಬಿಡಿಯಾಗಿ ಬರೆದಿದ್ದೇನೆ."

"ಕುಸುಮಳ ಶ್ರುತಿ ಯಾವುದು?"

ಪದ್ಮರಾಜ ನಕ್ಷೆಯ ಮೇಲೆ ಬೆರಳಾಡಿಸಿ ಹುಡುಕಿದ.

"ಮರದ ಎಳೆ ಗೊತ್ತು. ಹೆಂಡತಿಯ ಶ್ರುತಿ ಗೊತ್ತಿಲ್ಲ" ಎಂದು ಭಾಗೀರಥಮ್ಮ ಕಾಗದವನ್ನು ಸುತ್ತಿ ಅವನ ಕೈಗೆ ಕೊಟ್ಟರು. "ಕೇಳಿಕೊಂಡು ಬಾ."

ಮುಂದಿನ ವಾರ ಅವನು ಹಲಗೆಗಳನ್ನೇ ಹೊತ್ತು ತಂದ. ಇನ್ನೂ ಹಸಿ ಆರದ ಹಲಗೆಗಳು. ಜೊತೆಗೆ ಹೊಸ ನಕ್ಷೆ.

"ಕೇಳಿದೆಯಾ?"

"ಇಲ್ಲ ಅಮ್ಮ. ಕೇಳುವ ಅಗತ್ಯವೇ ಬೀಳದ ಹಾಗೆ ಬದಲಾಯಿಸಿದ್ದೇನೆ. ಈಗ ಇದು ಯಾವ ಶ್ರುತಿಗಾದರೂ ಹೊಂದುತ್ತದೆ."

"ಊರಿಗೆಲ್ಲ ಆಗುವ ಒಂದೇ ರವಿಕೆ ಹೊಲಿದೆ ಅನ್ನು."

ಜಗಲಿಯ ತುದಿಯಲ್ಲಿ ಮರ ಉಜ್ಜುತ್ತಿದ್ದವರು ನಕ್ಕರು. ಪದ್ಮರಾಜ ನಗಲಿಲ್ಲ.

"ಕೇಳಿದರೆ ಅವಳು ಹಾಡಿ ತೋರಿಸಬೇಕಾಗುತ್ತದೆ. ಹಾಡಿದರೆ ಅಳುತ್ತಾಳೆ."

"ಅಳುವವಳು ಅವಳು ತಾನೇ? ನೀನ್ಯಾಕೆ ಒದ್ದಾಡುತ್ತೀಯ?"

ಅವನು ತಲೆ ತಗ್ಗಿಸಿದ. ನದಿಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ಆ ದನಿಯನ್ನು ನನ್ನಿಂದ ಕೇಳಲಾಗುವುದಿಲ್ಲ ಅಮ್ಮ."

ಭಾಗೀರಥಮ್ಮ ಹಲಗೆಗಳನ್ನು ಒಳಗಿನ ಅಟ್ಟಕ್ಕೆ ಏರಿಸಿ, ನಡುವೆ ಗಾಳಿಯಾಡಲು ಕಡ್ಡಿಗಳನ್ನು ಇಟ್ಟರು.

ಆಮೇಲೆ ಕೆಲವು ಭಾನುವಾರ ಪದ್ಮರಾಜ ಬರಲಿಲ್ಲ.

ಬಂದದ್ದು ಒಂದು ಬುಧವಾರ, ಮಧ್ಯಾಹ್ನದ ಬಿಸಿಲಿನಲ್ಲಿ. ಹೆಗಲಿಗೆ ಹಳೆಯ ಗಿಟಾರ್ ಇತ್ತು. ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ.

"ಗಡ್ಡೆ ಮತ್ತೆ ಬಂದಿದೆಯಂತೆ. ಈ ಸಲ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಬರುವ ತಿಂಗಳು. ಆಮೇಲೆ ದನಿಯೇ ಇರುವುದಿಲ್ಲ."

ಭಾಗೀರಥಮ್ಮ ಒಂದು ಚೊಂಬು ನೀರು ತಂದುಕೊಟ್ಟರು. ಅವನು ಕುಡಿಯಲಿಲ್ಲ.

"ಅಷ್ಟರೊಳಗೆ ಗಿಟಾರ್ ಮುಗಿಸಬೇಕು ಅಮ್ಮ. ಈ ಹಳೆಯದರ ಕುತ್ತಿಗೆಯನ್ನು ಅಚ್ಚಿಗೆಂದು ತಂದಿದ್ದೇನೆ. ಹಗಲೂ ರಾತ್ರಿ ಕೂರುತ್ತೇನೆ. ಮರ ಒಣಗಲು ಎಷ್ಟು ದಿನ ಬೇಕು?"

"ಒಂದು ಮಳೆಗಾಲ ಕಳೆಯಬೇಕು. ಒಂದು ಬೇಸಿಗೆ ಕಳೆಯಬೇಕು."

"ಬಿಸಿಲಿಗಿಟ್ಟರೆ?"

"ಸೊಟ್ಟಗಾಗುತ್ತದೆ."

"ಒಲೆಯ ಹತ್ತಿರ?"

"ಸೀಳುತ್ತದೆ."

"ಹಾಗಾದರೆ ನಾನೇನು ಮಾಡಲಿ?" ಅವನು ಕೂಗಿಯೇ ಕೇಳಿದ. ಗುರುವಿನ ಮುಂದೆ ಅವನು ದನಿ ಎತ್ತಿದ್ದು ಅದೇ ಮೊದಲು.

ಭಾಗೀರಥಮ್ಮ ಅವನ ಹೆಗಲಿಂದ ಹಳೆಯ ಗಿಟಾರನ್ನು ತೆಗೆದುಕೊಂಡರು. ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲ ಮಾಡುತ್ತಾ ಹೋದರು. ದನಿ ಇಳಿಯಿತು. ಇನ್ನೂ ಇಳಿಯಿತು. ಕೊನೆಗೆ ಒಮ್ಮೆ ಮೀಟಿ ಅವನ ಕೈಗೆ ಕೊಟ್ಟರು.

ಪದ್ಮರಾಜ ಮೀಟಿ ನೋಡಿ ಮುಖ ಕಿವುಚಿದ.

"ತಂತಿ ಜೋಲುತ್ತಿದೆ ಅಮ್ಮ. ಕರಕರ ಅನ್ನುತ್ತದೆ."

"ಅವಳ ಗಂಟಲೂ ಹಾಗೇ ಅಲ್ಲವೇ? ಇಬ್ಬರಲ್ಲಿ ಯಾರು ಯಾರನ್ನು ಆಡಿಕೊಳ್ಳುತ್ತಾರೆ?"

"ಇನ್ನೂ ಎಷ್ಟು ಇಳಿಸಲಿ?"

"ಅದನ್ನು ಇಲ್ಲಿ ಕೂತು ಕೇಳುತ್ತೀಯಲ್ಲ!"

ಅವನು ಎದ್ದು ಹೊರಟ.

ಮನೆಯಲ್ಲಿ ಕುಸುಮ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪದ್ಮರಾಜ ಚಪ್ಪಲಿ ಬಿಟ್ಟು ನೇರ ಅವಳ ಎದುರು ಕೂತು ಗಿಟಾರ್ ಮೀಟಿದ.

ಅವಳು ತಲೆ ಎತ್ತಿದಳು.

"ಏನ್ರೀ ಅದು? ಸಿಟಿ ಬಸ್ಸು ಘಾಟಿ ಹತ್ತಿದ ಹಾಗಿದೆ!" ಅವಳ ಮಾತು ಒಡಕು ಗಡಿಗೆಯಿಂದ ಬಂದಂತಿತ್ತು.

"ಕುಸುಮ, ನಿನ್ನ ಶ್ರುತಿ ಯಾವುದು?"

"ನಂಗೆಲ್ಲಿಯ ಶ್ರುತಿ? ಹೋಗಿ ಕಪ್ಪೇನ ಕೇಳಿ."

"ನಿನ್ನನ್ನೇ ಕೇಳುತ್ತಿದ್ದೇನೆ."

ಅವಳು ಮತ್ತೆ ಕಾಯಿ ಸುಲಿಯತೊಡಗಿದಳು. ಅವನು ಎದ್ದುಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದಳು:

"ಗ್ರೈಂಡರ್ ಹಾಕಿ ಬನ್ನಿ. ಅದರ ಶ್ರುತೀನೇ ನಂದು."

"ಅಂದರೆ?"

"ಅದು ಗುಂಯ್ ಅಂತ ತಿರುಗೋವಾಗ ಹಾಡ್ಕೋತೀನಿ. ಹೊರಗೆ ಯಾರಿಗೂ ಕೇಳಿಸಲ್ಲ. ನನ್ನ ದನಿಗೆ ಸರಿಯಾಗಿ ಕೂಡೋದು ಈ ಮನೇಲಿ ಅದೊಂದೇ. ಇಲ್ದಿದ್ರೆ ಇಬ್ಬರೇ ಇರೋ ಮನೇಲಿ ದಿನಾ ಯಾಕ್ರೀ ದೋಸೆ?"

ಪದ್ಮರಾಜನ ಕೈ ತಂತಿಯ ಮೇಲೆ ನಿಂತಿತು. ಒಂದು ವರ್ಷ ಅವನು ಆ ಸದ್ದು ಕೇಳಿದಾಗಲೆಲ್ಲ, ತನ್ನ ಗಿಟಾರ್ ಕೇಳಬಾರದೆಂದು ಅವಳು ಹೀಗೆ ಮಾಡುತ್ತಾಳೆ ಎಂದುಕೊಂಡಿದ್ದ.

ಅವನು ಎದ್ದು ಹೋಗಿ ಗ್ರೈಂಡರ್ ಹಾಕಿದ. ಒಳಗೆ ಅಕ್ಕಿಯಿರಲಿಲ್ಲ, ಬರೀ ನೀರು ತಿರುಗಿತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅದರ ದನಿಗೆ ತಂತಿ ಕೂಡಿಸಿದ. ಆಮೇಲೆ ಗ್ರೈಂಡರ್ ನಿಲ್ಲಿಸಿದ.

ಮನೆ ನಿಶ್ಶಬ್ದವಾಯಿತು. ಅವನು ಮೀಟಿದ.

ಕುಸುಮ ಇನ್ನೊಂದಷ್ಟು ಕಾಯಿ ಸುಲಿದಳು. ಆಮೇಲೆ, ಮೊರದ ಮೇಲಿಂದ ಕಣ್ಣು ತೆಗೆಯದೆ, ತವರಿನಲ್ಲಿ ಕಲಿತ ಹಸೆಯ ಹಾಡೊಂದನ್ನು ಎತ್ತಿಕೊಂಡಳು. ದನಿ ಒಂದೆರಡು ಕಡೆ ಮುರಿಯಿತು. ಮುರಿದ ಕಡೆ ತಂತಿಯೂ ಕರಕರ ಅಂದಿತು.

ಅವಳು ಅಳಲಿಲ್ಲ. ಅತ್ತವನು ಅವನು.

"ಅಯ್ಯೋ, ಅಷ್ಟು ಕೆಟ್ಟದಾಗಿತ್ತಾ?" ಅಂದಳು.

ಅವನು ಇಲ್ಲವೆಂದು ತಲೆಯಾಡಿಸಿದ. "ಇನ್ನೊಂದು ಸಲ" ಎಂದ.

ಮಳೆಗಾಲ ಬಂದು ಹೋಯಿತು. ಬೇಸಿಗೆಯೂ ಕಳೆಯಿತು. ನದಿಗೆ ಹೊಸ ನೀರು ಬರುವ ಹೊತ್ತಿಗೆ ಪದ್ಮರಾಜ ಆಶ್ರಮಕ್ಕೆ ಬಂದ. ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ನಕ್ಷೆಯಿರಲಿಲ್ಲ.

ಭಾಗೀರಥಮ್ಮ ತಂಬೂರಿಯೊಂದಕ್ಕೆ ಅರಗು ಹಚ್ಚುತ್ತಿದ್ದರು. ಪಕ್ಕದಲ್ಲಿ ಕೂರಲು ಜಾಗ ಮಾಡಿದರು.

"ಹಾಡಿದಳಾ?"

"ಹಾಡಿದಳು. ದಿನವೂ. ಆಸ್ಪತ್ರೆಗೆ ಹೊರಟು ಆಟೋ ಬಂದು ನಿಂತಿದ್ದಾಗಲೂ, ಒಂದು ಸಾಲು ಉಳಿದಿದೆ ಇರ್ರೀ ಅಂದು ಮುಗಿಸಿ ಎದ್ದಳು."

"ಈಗ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಕತ್ತಿನಲ್ಲಿ ಒಂದು ತೂತು ಮಾಡಿದ್ದಾರೆ, ಉಸಿರು ಅದರಲ್ಲೇ. ಮಾತಿಲ್ಲ. ಕೋಪ ಬಂದರೆ ಪಾತ್ರೆ ಕುಕ್ಕುತ್ತಾಳೆ. ನಗು ಬಂದರೆ ನನ್ನ ತೋಳಿಗೆ ಹೊಡೆಯುತ್ತಾಳೆ." ಅವನು ತೋಳು ಸವರಿಕೊಂಡ. "ಗ್ರೈಂಡರ್ ಹಾಕುವುದಿಲ್ಲ. ಹಿಟ್ಟು ಅಂಗಡಿಯಿಂದ ತರುತ್ತೇನೆ."

ಭಾಗೀರಥಮ್ಮ ಕುಂಚವನ್ನು ಕೆಳಗಿಟ್ಟರು. ಅರಗು ಆರುತ್ತಿತ್ತು.

"ಒಂದು ವರ್ಷ ಅವಳು ಒಳಗೆ ಹಾಡಿದಳು, ನಾನು ಹೊರಗೆ ಕೂತಿದ್ದೆ. ಆ ವರ್ಷ ನನಗೆ ಬೇಕು ಅಮ್ಮ. ಬೇರೆ ಏನೂ ಬೇಡ."

"ಅದು ನನ್ನ ಹತ್ತಿರ ಇಲ್ಲಪ್ಪ."

ಅವನು ಕಣ್ಣು ಒರೆಸಿಕೊಂಡು ಎದ್ದ.

"ಅಟ್ಟದ ಮೇಲಿನ ಹಲಗೆ ನಿಮಗೇ ಇರಲಿ. ಕಲಿಯಲು ಬಂದವರು ಯಾರಾದರೂ ಉಪಯೋಗಿಸಲಿ. ಅದನ್ನು ಹೇಳಿ ಹೋಗೋಣ ಎಂದೇ ಬಂದೆ."

ಭಾಗೀರಥಮ್ಮ ಒಳಗೆ ಹೋದರು. ದೇವದಾರಿನ ಹಲಗೆಯನ್ನು ಇಳಿಸಿ ತಂದು, ಒಂದು ಮೂಲೆಯಲ್ಲಿ ಎರಡು ಬೆರಳಿನಿಂದ ಹಿಡಿದು ಇಳಿಬಿಟ್ಟು, ಗೆಣ್ಣಿನಿಂದ ತಟ್ಟಿದರು. ಹಲಗೆ ಆಳವಾಗಿ ಓಗೊಟ್ಟಿತು.

"ಒಣಗಿದೆ."

"ಒಣಗಿ ಏನು ಮಾಡುವುದು?"

"ಅವಳ ಶ್ರುತಿ ನೆನಪಿದೆಯಾ?"

"ಮರೆಯುವುದು ಹೇಗೆ?"

ಭಾಗೀರಥಮ್ಮ ಉಳಿಯನ್ನು ಹಿಡಿ ಮುಂದಾಗಿ ಅವನ ಕಡೆ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ.

"ಯಾರಿಗೋಸ್ಕರ ಮಾಡಲಿ ಅಮ್ಮ? ದನಿಯೇ ಹೋಯಿತಲ್ಲ."

"ಕಿವಿ ಇದೆಯಲ್ಲಪ್ಪ ಅವಳಿಗೆ."