ಬೂಜಜ್ಜಿಯ ಬಿಳಿ ನೂಲು

ಹೂವಿನ ರಸ ಕುಡಿಯೋ ಜೇನುಹುಳ ಕೊಳೆತ ದಿಮ್ಮಿಗೆ ಯಾಕೆ ಮೂತಿ ಇಡುತ್ತೆ? ಏನು ನಡೆದಿರಬಹುದು, ಹೇಳಿ ನೋಡೋಣ. ಬಾಯಾರಿಕೆಯಾ? ಅಲ್ಲ. ದಾರಿ ತಪ್ಪಿತಾ? ಅದೂ ಅಲ್ಲ. ಸೋತಿರಾ? ಸರಿ, ಕೇಳಿ.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯೋಣ ಅಂತ ನದಿಗಳು ಒಂದನ್ನೊಂದು ಕೇಳುತ್ತಿದ್ದವು. ಆಗ ಮತ್ತಿಮರದ ಪೊಟರೆಯಲ್ಲೊಂದು ಜೇನುಸಂಸಾರ. ಆ ಮನೆಯ ಕಸ ಹೊಡೆಯುವವಳು ಚೊಕ್ಕಿ. ಜೇನೂ ಅಲ್ಲದ, ಮೇಣವೂ ಅಲ್ಲದ ಏನೇ ಕಂಡರೂ ಹೊತ್ತು ಮುಳುಗುವುದರೊಳಗೆ ಆಚೆ ಎಸೆಯಬೇಕು. ಅದು ಅವರ ಮನೆತನದ ಕಟ್ಟಳೆ. ಚೊಕ್ಕಿ ಒಂದು ದಿನವೂ ತಪ್ಪಿದವಳಲ್ಲ.

ಒಮ್ಮೆ ಮರಿಗಳಿಗೆ ರೆಕ್ಕೆ ಸುರುಟುವ ರೋಗ ಬಂತು. ಚೊಕ್ಕಿ ಎತ್ತಿ ಆಡಿಸಿದ ಮರಿಗಳವು! ಗಾಳಿಯಣ್ಣ ಹೇಳಿದ, "ಕೆಳಗಿನ ದಿಮ್ಮಿಯಲ್ಲಿ ಬೂಜಜ್ಜಿ ಇದ್ದಾಳೆ. ಅವಳ ನೂಲಲ್ಲಿ ಮದ್ದಿದೆ."

ಬೂಜಜ್ಜಿ ಅಂದರೆ ಅಣಬೆಗಳ ಅಜ್ಜಿ. ಮೈಯೆಲ್ಲ ಬಿಳಿ ನೂಲು. ಚೊಕ್ಕಿ ಕರೆದ ಕೂಡಲೇ ಬಂದಳು, ಗೋಡೆ ತುಂಬ ನೂಲು ಹಬ್ಬಿಸಿದಳು. "ಆರು ಹಗಲು ಕೀಳಬೇಡಿ. ಬೇರೂರಿದರೆ ನಿಮ್ಮ ಮೊಮ್ಮಕ್ಕಳಿಗೂ ಮದ್ದು ಮನೆಯಲ್ಲೇ," ಅಂದಳು.

ಮೂರನೇ ಹಗಲು ನೂಲಿನ ಮೇಲೆ ಹನಿ ಮೂಡಿತು. ಮರಿಯೊಂದು ನೆಕ್ಕಿತು, ರೆಕ್ಕೆ ನೆಟ್ಟಗಾಯಿತು. ನಾಲ್ಕನೇ ಹಗಲು ಇನ್ನೆರಡು ಮರಿ.

ಐದನೇ ಹಗಲು ಪಕ್ಕದ ಮರದ ಜೇನುಗಳು ಇಣುಕಿದವು. "ಏನೇ ಚೊಕ್ಕಿ, ನಿನ್ನ ಕಾಲದಲ್ಲೇ ಮನೆಗೆ ಬೂಜು ಹಿಡೀತಲ್ಲೇ! ಪೊರಕೆ ಇರುವೆ ಹೊತ್ಕೊಂಡು ಹೋಯ್ತಾ?"

ಚೊಕ್ಕಿಯ ಮೈ ಉರಿಯಿತು. ಇನ್ನೊಂದೇ ಹಗಲು ಬಾಕಿ ಅಂತ ಗೊತ್ತಿತ್ತು. ಗೊತ್ತಿದ್ದೂ ಕಿತ್ತಳು. ಎಳೆ ಎಳೆಯಾಗಿ ಕಿತ್ತಳು. ಗೋಡೆ ಫಳಫಳ ಹೊಳೆಯಿತು.

"ಈಗ ನೋಡ್ರೇ!" ಅಂತ ತಿರುಗಿದರೆ, ನೋಡಲು ಯಾರೂ ಇರಲಿಲ್ಲ. ನೆರೆಯವರು ಯಾವಾಗಲೋ ಹೊರಟುಹೋಗಿದ್ದರು. ಮರಿಗಳು ಮಾತ್ರ ಬರಿ ಗೋಡೆಯನ್ನು ನೆಕ್ಕಿ ನೆಕ್ಕಿ ಹುಡುಕುತ್ತಿದ್ದವು.

ಚೊಕ್ಕಿ ದಿಮ್ಮಿಗೆ ಓಡಿದಳು. "ಅಜ್ಜೀ, ತಪ್ಪಾಯ್ತು. ಮತ್ತೆ ಬಾ."

"ಕೋಪ ಇಲ್ಲ ಮಗಳೇ. ನನ್ನಲ್ಲಿದ್ದ ನೂಲು ಒಂದು ಮನೆಗಾಗುವಷ್ಟೇ. ಇನ್ನು ನಾನು ಬರಲಾರೆ, ನೀವೇ ಬರಬೇಕು. ತಗೋ, ಈ ದಿಮ್ಮಿಯಲ್ಲಿ ಜಿನುಗುವ ಹನಿ."

ಒಂದು ಸಲಕ್ಕೆ ಒಂದೇ ಹನಿ. ಸಂಜೆವರೆಗೂ ಚೊಕ್ಕಿ ಹೊತ್ತಳು. ಬಾಗಿಲ ಹತ್ತಿರದ ಮರಿಗಳಿಗೆ ಸಿಕ್ಕಿತು. ಒಳಮೂಲೆಯವಕ್ಕೆ ತಡವಾಗಿತ್ತು. ಅವು ಹಾರಲಿಲ್ಲ, ನಡೆದು ಬಂದು, ಬಾಗಿಲಿಂದ ಕೆಳಗೆ ಬಿದ್ದವು.

ಅದಕ್ಕೇ ಇವತ್ತಿಗೂ ಗೂಡಿನ ಕೆಳಗೆ ಸುರುಟಿದ ರೆಕ್ಕೆಯ ಜೇನು ತೆವಳುತ್ತೆ, ಅದರಕ್ಕ ಕೊಳೆತ ದಿಮ್ಮಿಯ ಮೇಲೆ ತಲೆ ತಗ್ಗಿಸಿ ಹನಿ ಹೀರುತ್ತೆ. ಚೊಕ್ಕಿ ನೂಲು ಕಿತ್ತಿದ್ದು ಆರಿದ್ರೆ ಮಳೆ ಹುಟ್ಟಿದ ಐದನೇ ದಿನ, ಬುಧವಾರ.