ದುಗ್ಗಿ ಏಡಿ ಇಟ್ಟ ಮರಳುಂಡೆ ಸಾಲು

ಲೋಕದ ಮೇಲಿನ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟಗಳು ಕೂತ ಜಾಗ ಸರಿಹೋಗದೆ ಆಗಾಗ ಮಗ್ಗುಲು ಬದಲಾಯಿಸುತ್ತಿದ್ದವು. ನದಿಗಳು ದಾರಿ ಕೇಳಿಕೊಂಡು ಬರುತ್ತಿದ್ದವು. ಚಂದ್ರ ಕೆಲಸಕ್ಕೆ ಹೊಸಬ. ಇವತ್ತು ಇದ್ದಷ್ಟು ನಾಳೆ ಇರುತ್ತಿರಲಿಲ್ಲ. ನಿಧಾನಕ್ಕೆ ಕಲಿಯುತ್ತಾನೆ ಬಿಡಿ ಎಂದು ಎಲ್ಲರೂ ಸುಮ್ಮನಿದ್ದರು.

ಆಗ ಕಡಲ ದಡದ ಮರಳು ನುಣ್ಣಗಿತ್ತು. ಒಂದು ಗುರುತಿಲ್ಲ, ಒಂದು ಉಂಡೆಯಿಲ್ಲ.

ಆ ಮರಳಿನಲ್ಲಿ ಬಿಲ ತೋಡಿಕೊಂಡು ದುಗ್ಗಿ ಎಂಬ ಏಡಿ ಇದ್ದಳು. ಹುಣಸೆ ಬೀಜದಷ್ಟು ಮೈ. ನೀರು ಇಳಿದಾಗ ಹೊರಗೆ ಬರುವುದು, ಮರಳನ್ನು ಬಾಯಿಗೆ ಹಾಕಿಕೊಳ್ಳುವುದು, ಅದರಲ್ಲಿ ತಿನ್ನುವಂಥದ್ದೇನಾದರೂ ಇದ್ದರೆ ಹೀರಿ, ಮರಳನ್ನು ಉಗುಳುವುದು. ಮರಳು ಬಹಳ, ತಿನ್ನುವಂಥದ್ದು ಕಡಿಮೆ. ಹೊಟ್ಟೆ ತುಂಬಬೇಕಾದರೆ ಅರ್ಧ ದಡವನ್ನು ಬಾಯಿಗೆ ಹಾಕಿ ತೆಗೆಯಬೇಕು. ನೀರು ಮರಳಿ ಏರುವ ಹೊತ್ತಿಗೆ ದವಡೆ ನೋವು. ದುಗ್ಗಿ ದಣಿದೇ ಮಲಗುತ್ತಿದ್ದಳು, ದಣಿದೇ ಏಳುತ್ತಿದ್ದಳು.

ಒಂದು ದಿನ ಪದ್ದಮ್ಮ ಎಂಬ ಕಡಲಾಮೆ ಏದುಸಿರು ಬಿಡುತ್ತಾ ದಡ ಹತ್ತಿ ಬಂದಳು. ಅವಳ ಹೊಟ್ಟೆ ತುಂಬ ಮೊಟ್ಟೆ. ಆ ವರ್ಷ ಎರಡು ಸಲ ಮರಳು ಬಗೆದು ಮೊಟ್ಟೆಯಿಟ್ಟಿದ್ದಳು. ಎರಡು ಸಲವೂ ಕಡಲು ಬಂದು ಒಯ್ದಿತ್ತು. ಇದು ಮೂರನೆಯದು. ವರ್ಷಕ್ಕೆ ಇನ್ನಿಲ್ಲ.

ದಡದವರೆಲ್ಲ ಸೇರಿದರು. ದಡಕ್ಕೆ ಗುರಿಕಾರರು ಎಂದರೆ ಕೊಕ್ಕರೆ. ಊರಿನ ಹಿರಿತನ ಅವರದು. ಒಂಟಿ ಕಾಲಿನಲ್ಲಿ ನಿಂತು ನ್ಯಾಯ ಹೇಳುತ್ತಿದ್ದರು.

"ನಾನು ಕೇಳುವುದು ಇಷ್ಟೇ," ಎಂದಳು ಪದ್ದಮ್ಮ. "ಈ ಕಡಲಣ್ಣ ಎಲ್ಲಿಯವರೆಗೆ ಬರ್ತಾನೆ? ಅದಕ್ಕಿಂತ ನಾಲ್ಕು ಹೆಜ್ಜೆ ಮೇಲೆ ಮೊಟ್ಟೆ ಇಡ್ತೇನೆ."

"ನನಗೆಂತ ಗೊತ್ತು ಮಾರಾಯ್ತಿ," ಎಂದ ಕಡಲಣ್ಣ. "ಬರುವಾಗ ಬರ್ತೇನೆ, ಹೋಗುವಾಗ ಹೋಗ್ತೇನೆ. ತಿರುಗಿ ನೋಡುವ ಅಭ್ಯಾಸ ನನಗಿಲ್ಲ."

"ನಾನು ನೂಕಿದಲ್ಲಿಗೆ ಹೋಗ್ತಾನೆ," ಎಂದಿತು ಗಾಳಿ.

ಗುರಿಕಾರರು ಗಂಟಲು ಸರಿಮಾಡಿಕೊಂಡರು. "ಕಡಲು ಮೊಣಕಾಲಿನವರೆಗೆ ಬರ್ತದೆ. ಹುಟ್ಟಿದಾಗಿನಿಂದ ನೋಡ್ತಾ ಇದ್ದೇನೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ."

ನೀರು ಮೊಣಕಾಲಿಗೆ ಬರುವ ಜಾಗವನ್ನು ಹುಡುಕಿಯೇ ಅವರು ದಿನವೂ ನಿಲ್ಲುತ್ತಿದ್ದರು. ಆ ಮಾತನ್ನು ಯಾರೂ ಎತ್ತಲಿಲ್ಲ.

ದಡದ ಮೇಲ್ಗಡೆ ನೇರಳೆ ಹೂವು ಬಿಡುವ ಬಳ್ಳಿಯೊಂದು ಹಬ್ಬಿತ್ತು. "ನನ್ನ ಬುಡಕ್ಕಂತೂ ಒಂದು ದಿನವೂ ಬಂದದ್ದಿಲ್ಲ," ಎಂದಿತು.

"ನೀನು ಇಲ್ಲಿ ಎಷ್ಟು ಕಾಲದಿಂದ ಇದ್ದೀ?" ಎಂದು ಕೇಳಿದಳು ಪದ್ದಮ್ಮ.

"ಮೊನ್ನೆ ಮಂಗಳವಾರದಿಂದ."

ಪದ್ದಮ್ಮ ಗಲ್ಲವನ್ನು ಮರಳಿಗೆ ಊರಿದಳು. "ಎಲ್ಲರೂ ಬಲ್ಲವರೇ. ಮೊಟ್ಟೆ ಹೋದದ್ದು ಮಾತ್ರ ನನ್ನದು."

ಸಭೆಯಲ್ಲಿ ಮಾತಾಡದೆ ಇದ್ದವಳು ದುಗ್ಗಿ ಒಬ್ಬಳೇ. ಅವಳ ಬಾಯಿ ತುಂಬ ಮರಳಿತ್ತು.

"ನೋಡಿ, ಅವಳು ತೂಕದವಳು," ಎಂದರು ಗುರಿಕಾರರು. "ಬಾಯಿಗೆ ಬಂದದ್ದು ಹೇಳುವ ಜಾತಿ ಅಲ್ಲ. ಇದನ್ನು ಅವಳೇ ನೋಡಿ ಹೇಳಲಿ."

ತನ್ನಿಂದ ಆಗದು ಎಂದು ಹೇಳಲು ದುಗ್ಗಿ ಮರಳು ಉಗುಳುವಷ್ಟರಲ್ಲಿ ಸಭೆ ಮುಗಿದಿತ್ತು. ಕೆಲಸ ಹಂಚುವ ಕ್ರಮ ಬಹಳ ಹಳೆಯದು.

ಕಡಲನ್ನು ಅಳೆಯುವುದು ಹೇಗೆ? ದುಗ್ಗಿಯ ಹತ್ತಿರ ಇದ್ದದ್ದು ಎರಡು ಪುಟ್ಟ ಚಿಮಟಗೈ, ಒಂದು ಬಾಯಿ, ಮತ್ತು ದಡ ತುಂಬ ಮರಳು. ಹೇಗೂ ಉಗುಳುವ ಮರಳು. ಅದನ್ನು ಅಲ್ಲಿಲ್ಲಿ ಉಗುಳುವ ಬದಲು ಉಂಡೆ ಮಾಡಿದಳು. ಒಂದು ಉಂಡೆ, ಅದರ ಪಕ್ಕ ಇನ್ನೊಂದು ಉಂಡೆ, ಅದರ ಪಕ್ಕ ಮತ್ತೊಂದು. ನೀರಿನ ಅಂಚಿನಿಂದ ಬಳ್ಳಿಯ ಬುಡದವರೆಗೆ ಸಾಲು ಹಿಡಿದಳು. ಮುಗಿಯುವ ಹೊತ್ತಿಗೆ ಕಾಲು ನಡುಗುತ್ತಿತ್ತು. ಅವಳಿಗೆ ಎಂಟು ಕಾಲು, ಎಂಟೂ ನಡುಗುತ್ತಿದ್ದವು.

ನೀರು ಏರುವ ಭರತದ ಹೊತ್ತಾಯಿತು. ಕಡಲಣ್ಣ ಏರಿ ಬಂದ.

"ಇದೆಂತ ದುಗ್ಗಿ, ಎಳ್ಳುಂಡೆಯಾ? ಯಾರ ಮದುವೆ?"

"ಮದುವೆಯಲ್ಲ ಕಡಲಣ್ಣ. ನಿನ್ನನ್ನು ಅಳೀತಾ ಇದ್ದೇನೆ."

"ನನ್ನನ್ನಾ?" ಕಡಲಣ್ಣನಿಗೆ ನಾಚಿಕೆಯೂ ಖುಷಿಯೂ ಆಯಿತು. "ಈವರೆಗೆ ಯಾರೂ ಅಳೆದದ್ದಿಲ್ಲ. ಸ್ವಲ್ಪ ದೊಡ್ಡದಾಗಿಯೇ ಅಳೆ ಹಾಂ."

ಹಾಗೆ ಹೇಳುತ್ತ ಹೇಳುತ್ತಲೇ ಉಂಡೆಗಳನ್ನು ಅಳಿಸಿ ಹಾಕಿದ.

ನೀರು ಇಳಿದ ಮೇಲೆ ದುಗ್ಗಿ ಬಿಲದಿಂದ ಇಣುಕಿದಳು. ಕೆಳಗಿನ ಸಾಲು ಪೂರ್ತಿ ಮಾಯ. ಇಡೀ ದಿನದ ದುಡಿಮೆ. ಅಳೋಣವೆಂದರೆ ಶಕ್ತಿ ಇರಲಿಲ್ಲ. ಆದ್ದರಿಂದ ಸುಮ್ಮನೆ ನೋಡುತ್ತಾ ಕುಳಿತಳು. ನೋಡುತ್ತಾ ನೋಡುತ್ತಾ ಒಂದು ಸಂಗತಿ ಕಂಡಿತು. ಉಳಿದ ಉಂಡೆಗಳು ಏನನ್ನೂ ಹೇಳುತ್ತಿರಲಿಲ್ಲ. ಹೋದ ಉಂಡೆಗಳು ಹೇಳುತ್ತಿದ್ದವು. ಸಾಲು ಎಲ್ಲಿಯವರೆಗೆ ಅಳಿಸಿತ್ತೋ ಅಲ್ಲಿಯವರೆಗೆ ಕಡಲು ಬಂದಿತ್ತು.

ಅಲ್ಲಿಗೆ ಒಂದು ಬಿಳಿ ಚಿಪ್ಪನ್ನು ಉರುಳಿಸಿ ತಂದು ನೆಟ್ಟಳು.

ಮರುದಿನ ಮತ್ತೆ ಒಂದು ಉಂಡೆ, ಅದರ ಪಕ್ಕ ಇನ್ನೊಂದು ಉಂಡೆ, ಅದರ ಪಕ್ಕ ಮತ್ತೊಂದು. ಕಡಲು ಬಂತು, ಅಳಿಸಿತು, ಹೋಯಿತು. ಚಿಪ್ಪಿನ ಹತ್ತಿರವೇ ನಿಂತಿತ್ತು. ಮೂರನೆಯ ದಿನವೂ ಹಾಗೆಯೇ. ನಾಲ್ಕನೆಯ ದಿನವೂ ಹಾಗೆಯೇ. ಮೇಲೆ ಚಂದ್ರ ಅರ್ಧ ಹೋಳಾಗಿ ನಿಂತಿದ್ದ. ಅವನನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

"ಆಯ್ತಲ್ಲ!" ಎಂದರು ಗುರಿಕಾರರು.

"ಇನ್ನೂ ಕೆಲವು ದಿನ ನೋಡ್ಬೇಕಿತ್ತು," ಎಂದಳು ದುಗ್ಗಿ. ಬಿಲದ ಬಾಯಲ್ಲೇ ನಿಂತು ಹೇಳಿದಳು. ಊಟದ ಹೊತ್ತು ಹತ್ತಿರವಾದಾಗ ಗುರಿಕಾರರು ಏಡಿಗಳನ್ನು ನೋಡುವ ರೀತಿ ಬೇರೆಯಾಗುತ್ತಿತ್ತು.

"ನಾಲ್ಕು ದಿನವೂ ಅಲ್ಲೇ ನಿಂತಿದೆ. ಐದನೇ ದಿನ ಕಡಲಿಗೆ ಕೊಂಬು ಬರ್ತದಾ?"

ಪದ್ದಮ್ಮ ಅಷ್ಟು ದಿನವೂ ದಡದ ಬದಿಯ ನೀರಿನಲ್ಲೇ ಕಾದಿದ್ದಳು. "ಮಗಳೇ, ಇನ್ನು ನನ್ನಿಂದ ತಡಕೊಳ್ಳಲಿಕ್ಕೆ ಆಗುವುದಿಲ್ಲ. ಎಲ್ಲಿ ಅಂತ ಹೇಳು."

ದುಗ್ಗಿ ಚಿಪ್ಪನ್ನು ನೋಡಿದಳು. ಪದ್ದಮ್ಮನ ಮುಖ ನೋಡಿದಳು. "ಚಿಪ್ಪಿನಿಂದ ನಾಲ್ಕು ಹೆಜ್ಜೆ ಮೇಲೆ," ಎಂದಳು. "ನಿಮ್ಮ ಹೆಜ್ಜೆ ಅಮ್ಮ, ನನ್ನದಲ್ಲ."

ಪದ್ದಮ್ಮ ಅಲ್ಲಿ ಕುಳಿ ತೋಡಿ ನೂರಾ ಹನ್ನೆರಡು ಮೊಟ್ಟೆ ಇಟ್ಟಳು. ಮರಳು ಮುಚ್ಚಿದಳು. ಹೋಗುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ದುಗ್ಗಿಯ ಮಾತನ್ನು ಅವಳು ಅಷ್ಟು ನಂಬಿದ್ದಳು.

ಕೆಲಸ ಮುಗಿದಿತ್ತು. ಆದರೆ ಹಸಿವು ಮುಗಿಯುವಂಥದ್ದಲ್ಲವಲ್ಲ. ಐದನೆಯ ದಿನವೂ ದುಗ್ಗಿ ಮರಳು ತಿಂದಳು, ಅಭ್ಯಾಸಬಲದಿಂದ ಉಂಡೆ ಇಟ್ಟಳು. ನೀರು ಇಳಿದಾಗ ನೋಡಿದರೆ, ಚಿಪ್ಪಿನಿಂದ ಒಂದು ಹೆಜ್ಜೆ ಮೇಲಿನವರೆಗೆ ಸಾಲು ಅಳಿಸಿತ್ತು.

"ಗಾಳಿಯಕ್ಕ, ನೀನು ನೂಕಿದ್ದಾ?"

"ನಾನಾ? ನಾನಿವತ್ತು ಎದ್ದೇ ಇಲ್ಲ," ಎಂದಿತು ಗಾಳಿ, ಆಕಳಿಸುತ್ತಾ.

ಆರನೆಯ ದಿನ ಎರಡನೆಯ ಹೆಜ್ಜೆಯೂ ಹೋಯಿತು. ಉಳಿದದ್ದು ಎರಡೇ. ಅದರಾಚೆ ಮೊಟ್ಟೆ.

ದುಗ್ಗಿ ಗುರಿಕಾರರ ಹತ್ತಿರ ಓಡಿದಳು. ತೀರಾ ಹತ್ತಿರವಲ್ಲ, ಕೊಕ್ಕಿಗೆ ಸಿಗದಷ್ಟು ಹತ್ತಿರ.

"ಅದು ಮುಗಿದ ವಿಷಯ ಅಲ್ವಾ?" ಎಂದರು ಅವರು. "ಸಭೆ ಒಪ್ಪಿದೆ."

"ಕಡಲು ಒಪ್ಪಿಲ್ಲ."

"ಹಾಗಾದರೆ ಕಡಲಿಗೇ ಹೋಗಿ ತಿಳಿಸು. ನನ್ನ ಊಟದ ಹೊತ್ತಾಯ್ತು."

ದುಗ್ಗಿ ಕಡಲಣ್ಣನ ಹತ್ತಿರ ಓಡಿದಳು. "ಸ್ವಲ್ಪ ತಡೀಲಿಕ್ಕೆ ಆಗ್ತದಾ?"

"ಆಗುವುದಾದರೆ ತಡೀತಿದ್ದೆ ದುಗ್ಗಿ. ಮೇಲಿಂದ ಯಾರೋ ಎಳೀತಾರೆ."

ಅವಳು ಮೇಲೆ ನೋಡಿದಳು. ಸಂಜೆಯ ಆಕಾಶದಲ್ಲಿ ಚಂದ್ರ ಇದ್ದ. ಮೊನ್ನೆ ಅರ್ಧ ಹೋಳಾಗಿದ್ದವನು ಈಗ ದುಂಡಗಾಗುತ್ತಿದ್ದ.

"ನಾನೆಂತದೂ ಮಾಡ್ಲಿಲ್ಲಪ್ಪ," ಎಂದ ಚಂದ್ರ. "ಸುಮ್ಮನೆ ನೋಡ್ತಾ ಇದ್ದೇನೆ."

ಉಳಿದದ್ದು ಒಂದೇ ದಾರಿ. ದುಗ್ಗಿ ನೀರಿನ ಅಂಚಿಗೆ ಹೋಗಿ ಪದ್ದಮ್ಮನನ್ನು ಕೂಗಿದಳು. ಹುಣಸೆ ಬೀಜದ ಗಾತ್ರದವಳು, ಕೂಗೂ ಅಷ್ಟೇ. ಗಾಳಿ ಎದ್ದು ಅದನ್ನು ಹೊತ್ತುಕೊಂಡು ಹೋಯಿತು. ಪದ್ದಮ್ಮ ಆಗಲೇ ಬಹಳ ದೂರ ಹೋಗಿದ್ದಳು. ತಿರುಗಿ ಬರುವಾಗ ಎರಡು ದಿನ ಕಳೆದಿತ್ತು. ಬಂದದ್ದು ನಡು ಮಧ್ಯಾಹ್ನ. ಮರಳು ಕಡಲೆ ಹುರಿಯುವಷ್ಟು ಕಾದಿತ್ತು.

"ಎಂತ ದುಗ್ಗಿ?"

"ನಾನು ಹೇಳಿದ್ದು ತಪ್ಪು ಅಮ್ಮ."

ಆ ದಡದಲ್ಲಿ ಆವರೆಗೆ ಯಾರೂ ಆ ಮಾತನ್ನು ಹೇಳಿದ್ದಿಲ್ಲ. ಗಾಳಿ ಒಂದು ಗಳಿಗೆ ನಿಂತಿತು. ದೂರದಲ್ಲಿ ಗುರಿಕಾರರು ಎತ್ತಿಟ್ಟ ಕಾಲನ್ನು ಕೆಳಗಿಳಿಸಿದರು.

ಪದ್ದಮ್ಮ ಕಣ್ಣು ಮುಚ್ಚಿದಳು. "ಎಷ್ಟು ತಪ್ಪು?"

"ಬಳ್ಳಿಯ ಬುಡದವರೆಗೆ ಹೋಗ್ಬೇಕು ಅಂತ ಕಾಣ್ತದೆ."

"ಗೊತ್ತುಂಟಾ, ಅಂದಾಜಾ?"

"ಅಂದಾಜು."

"ಮೊನ್ನೆ ಹೇಳಿದ್ದು?"

"ಅದೂ ಅಂದಾಜೇ. ಆದರೆ ಅದು ಅಂದಾಜು ಅಂತ ಮೊನ್ನೆ ನನಗೆ ಗೊತ್ತಿರಲಿಲ್ಲ."

ಪದ್ದಮ್ಮ ತಿರುಗಿ ತನ್ನ ಕುಳಿಯ ಕಡೆ ತೆವಳಿದಳು. ದುಗ್ಗಿ ಬಿಲಬಿಲಕ್ಕೆ ಹೋಗಿ ನಂಟರನ್ನೆಲ್ಲ ಎಬ್ಬಿಸಿದಳು. ಏಡಿಗಳು ಬಳ್ಳಿಯ ಬುಡದಲ್ಲಿ ಮರಳು ಕೆದಕಿ ಹೊಸ ಕುಳಿ ತೋಡಿದವು. ಪದ್ದಮ್ಮ ಒಂದೊಂದೇ ಮೊಟ್ಟೆಯನ್ನು ಈಜುಗಾಲಿನಲ್ಲಿ ತಬ್ಬಿ ಮೇಲಕ್ಕೆ ಉರುಳಿಸಿದಳು. ಒಂದು ಮೊಟ್ಟೆ, ಮತ್ತೆ ಕೆಳಗೆ. ಇನ್ನೊಂದು ಮೊಟ್ಟೆ, ಮತ್ತೆ ಕೆಳಗೆ. ನೀರಿನಲ್ಲಿ ಹಗುರಾಗಿ ಈಜುವವಳಿಗೆ ಮರಳಿನ ಮೇಲೆ ಪ್ರತಿ ಹೆಜ್ಜೆಯೂ ಬೆಟ್ಟ.

ಎಪ್ಪತ್ತು ಮೊಟ್ಟೆ ಮೇಲೆ ಬಂದವು. ಅಷ್ಟರಲ್ಲಿ ಕಡಲು ಬಂತು. ನಲವತ್ತೆರಡು ಹೋದವು.

"ನಾನು ನೋಡ್ಲಿಲ್ಲ ಪದ್ದಮ್ಮ," ಎಂದ ಕಡಲಣ್ಣ, ಹಿಂದೆ ಸರಿಯುತ್ತಾ.

"ನೀನು ಯಾವಾಗ ನೋಡಿದ್ದು?" ಎಂದಳು ಪದ್ದಮ್ಮ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಿಸಿಲಿಗೆ ಎಂದಳು. ಆ ಮಧ್ಯಾಹ್ನದ ಮೇಲೆ ಅವಳು ಹಗಲು ಹೊತ್ತಿನಲ್ಲಿ ದಡ ಹತ್ತಲಿಲ್ಲ.

ನೀರಿಗಿಳಿಯುವ ಮುಂಚೆ ದುಗ್ಗಿಯ ಬಿಲದ ಹತ್ತಿರ ನಿಂತಳು. ದುಗ್ಗಿ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ.

"ಬರುವ ವರ್ಷ ಮತ್ತೆ ಬರ್ತೇನೆ. ಆಗ ಕೇಳಿದರೆ ಹೇಳ್ತೀಯಾ?"

"ಆಗ ನೋಡಿ ಹೇಳ್ತೇನೆ ಅಮ್ಮ."

"ಅದರಾಚೆ ವರ್ಷ?"

"ಆಗಲೂ ನೋಡಿಯೇ ಹೇಳ್ಬೇಕು."

"ಹಾಗಾದರೆ ನೀನು ದಿನವೂ ನೋಡ್ತಾ ಇರ್ಬೇಕಲ್ಲ ಮಗಳೇ," ಎಂದಳು ಪದ್ದಮ್ಮ. ದಣಿದವಳು ದಣಿದವಳಿಗೆ ಹೇಳುವ ಧ್ವನಿಯಲ್ಲಿ ಹೇಳಿ, ನೀರಿಗೆ ಇಳಿದಳು.

ದುಗ್ಗಿ ನೋಡುತ್ತಾ ಇದ್ದಳು. ಚಂದ್ರ ದುಂಡಗಾದ ದಿನ ಕಡಲು ಎಲ್ಲಕ್ಕಿಂತ ಮೇಲೆ ಬಂತು, ಬಳ್ಳಿಗೆ ಎರಡು ಹೆಜ್ಜೆ ಕೆಳಗೆ ನಿಂತಿತು. ಚಂದ್ರ ಸಣ್ಣಗಾದಂತೆ ಕಡಲೂ ಸಣ್ಣಗಾಯಿತು. "ಇಷ್ಟೇಯಾ!" ಎಂದಳು ದುಗ್ಗಿ. "ಚಂದ್ರ ದಪ್ಪ, ಕಡಲು ದಪ್ಪ. ಚಂದ್ರ ಸಣ್ಣ, ಕಡಲು ಸಣ್ಣ." ಅವಳಿಗೆ ಬದುಕಿನಲ್ಲಿ ಮೊದಲ ಸಲ ದಣಿವು ಇಳಿದಂತಾಯಿತು. ಸಭೆಗೆ ಹೇಳಲು ಎರಡು ಸಲ ಬಾಯಿಪಾಠವನ್ನೂ ಮಾಡಿಕೊಂಡಳು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಆಕಾಶದಲ್ಲಿ ಚಂದ್ರನೇ ಇಲ್ಲ. ಕಡಲು ಹುಣ್ಣಿಮೆಯಂದು ಏರಿದಷ್ಟೇ ಏರಿತು.

ದುಗ್ಗಿ ಬಿಲದ ಬಾಯಲ್ಲಿ ಕುಳಿತಳು. ಆಮೇಲೆ ಎದ್ದು ಒಂದು ಉಂಡೆ ಮಾಡಿದಳು. ಅದರ ಪಕ್ಕ ಇನ್ನೊಂದು.

ಒಂದೂವರೆ ತಿಂಗಳ ಮೇಲೆ ಬಳ್ಳಿಯ ಬುಡದ ಮರಳು ಅಲುಗಾಡಿತು. ಅಂಗೈಗಿಂತ ಸಣ್ಣ ಆಮೆಮರಿಗಳು ಒಂದರ ಬೆನ್ನ ಮೇಲೊಂದು ಹತ್ತಿ ಹೊರಗೆ ಬಂದು, ದುಗ್ಗಿಯ ಉಂಡೆಗಳನ್ನೆಲ್ಲ ತುಳಿದುಕೊಂಡು ಕಡಲಿಗೆ ಹೋದವು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಗುರಿಕಾರರು ಇದು ಸಭೆಯ ದೂರದೃಷ್ಟಿ ಎಂದರು.

ಕೊನೆಗೊಮ್ಮೆ ಅವರು ಕೇಳಿಯೇ ಬಿಟ್ಟರು. "ಇಷ್ಟು ಕಾಲ ನೋಡಿದ್ದೀಯಲ್ಲ. ಒಂದೇ ಮಾತಿನಲ್ಲಿ ಹೇಳು. ಕಡಲು ಎಲ್ಲಿಯವರೆಗೆ ಬರ್ತದೆ?"

"ಇವತ್ತಾ? ಇವತ್ತು ಆ ಚಿಪ್ಪಿನವರೆಗೆ."

"ನಾಳೆ?"

ದುಗ್ಗಿ ಒಂದು ಹಿಡಿ ಮರಳನ್ನು ಬಾಯಿಗೆ ಹಾಕಿಕೊಂಡಳು. ಅಷ್ಟರಲ್ಲಿ ಮೊದಲ ಮಳೆಯ ಮೋಡ ಕಡಲಿನಾಚೆ ಕಪ್ಪಾಗುತ್ತಿತ್ತು. ಅವಳಿಗೆ ಮಳೆಗಾಲದ ಕಡಲಿನ ಬಗ್ಗೆ ಇನ್ನೂ ಏನೂ ಗೊತ್ತಿರಲಿಲ್ಲ.

ದುಗ್ಗಿ ತನ್ನ ಮಕ್ಕಳಿಗೆ ಉಂಡೆ ಕಟ್ಟುವುದನ್ನು ಕಲಿಸಿದಳು, ಅವರು ತಮ್ಮ ಮಕ್ಕಳಿಗೆ ಕಲಿಸಿದರು. ಕಡಲ ಬದಿಯಲ್ಲಿ ಅಳತೆಕೋಲು ನೆಟ್ಟು, ಬಿಸಿಲಿನಲ್ಲಿ ನಿಂತು, ಪುಸ್ತಕದಲ್ಲಿ ಏನೋ ಬರೆದುಕೊಂಡು, ಮರುದಿನ ಮತ್ತೆ ಅದೇ ಜಾಗಕ್ಕೆ ಬರುವ ಮನುಷ್ಯರನ್ನು ನೀನು ನೋಡಿರಬಹುದು. ಅವರು ಕಲಿತದ್ದು ಯಾರಿಂದ ಎಂದು ಅವರು ಹೇಳುವುದಿಲ್ಲ. ಮುಖದ ದಣಿವು ನೋಡಿದರೆ ಗೊತ್ತಾಗುತ್ತದೆ.

ಅದಕ್ಕೇ ಮಗು, ನೀರು ಇಳಿದ ಹೊತ್ತಿನಲ್ಲಿ ನೀನು ಕಡಲ ದಡಕ್ಕೆ ಹೋದರೆ, ಪುಟ್ಟ ಪುಟ್ಟ ಬಿಲಗಳ ಸುತ್ತ ಸಾಲುಸಾಲಾಗಿ ಮರಳಿನ ಉಂಡೆಗಳು ಇರುತ್ತವೆ, ಮರುದಿನ ಹೋದರೆ ಅವೆಲ್ಲ ಅಳಿಸಿ ಹೊಸ ಸಾಲು ಬಂದಿರುತ್ತದೆ. ಪದ್ದಮ್ಮ ಯಾವ ವರ್ಷ ಬಂದು ಕೇಳಿದರೂ ಅಂದಿನದನ್ನು ನೋಡಿ ಹೇಳಬೇಕಲ್ಲ ಎಂದು ದುಗ್ಗಿಯ ಮಕ್ಕಳು ಇವತ್ತಿಗೂ ಇವತ್ತಿನ ಕಡಲನ್ನು ಅಳೆಯುತ್ತಿದ್ದಾರೆ.